ಮನೆ ಚಿಕ್ಕದಿರಲಿ, ಗಾಳಿ ಬೆಳಕಿರಲಿ

(ಪಶ್ಚಿಮ ಬೆಂಗಳೂರಿನ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗೋರಿಪಾಳ್ಯದಿಂದ ಕೆಂಗೇರಿಯವರೆಗೆ, ವಿಜಯನಗರ, ಬಸವೇಶ್ವರನಗರಗಳ ಒಳ ಅಡ್ಡರಸ್ತೆಗಳವರೆಗೆ ಒಂದೇ ದೃಶ್ಯ ಕಣ್ಣಿಗೆ ಬೀಳುತ್ತದೆ. ಇಪ್ಪತ್ತು-ಮೂವತ್ತರ ಸೈಟು, ಅದರ ಮೇಲೆ ನಾಲ್ಕು ಅಂತಸ್ತು, ಅಂತಸ್ತಿಗೆ ಒಂದೆರಡು ಸಂಸಾರ, ಹಗಲಿನಲ್ಲೂ ಉರಿಯುವ ದೀಪ. ಕಿಟಕಿಯಿದೆ, ಆದರೆ ಅದು ತೆರೆಯುವುದು ಪಕ್ಕದ ಮನೆಯ ಗೋಡೆಗೆ. ಇಂತಹ ಮನೆಗಳಲ್ಲಿ ವಾಸಿಸುವವರೂ, ಇಂತಹ ಮನೆಗಳನ್ನು ಕಟ್ಟಿಸಿದವರೂ ಈ ಸಭೆಯಲ್ಲಿದ್ದೀರಿ. ಆದ್ದರಿಂದ ನನ್ನ ಮಾತು ಇಬ್ಬರಿಗೂ ಸಂಬಂಧಿಸಿದ್ದು.

ಚಿಕ್ಕ ಮನೆ ಅವಮಾನವಲ್ಲ, ಅಪರಾಧವೂ ಅಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ದುರ್ಬಲರ ಮನೆಗೆ ಸರಕಾರ ಲೆಕ್ಕ ಹಾಕಿದ್ದು 30 ಚದರ ಮೀಟರ್, ಅಂದರೆ ಸುಮಾರು 320 ಚದರಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಂದೇ ಕೋಣೆಯ ಮನೆಯನ್ನೂ ಒಪ್ಪುತ್ತದೆ. ಆ ಕೋಣೆ ಕನಿಷ್ಠ 9.5 ಚದರ ಮೀಟರ್ ಇರಬೇಕು, ಅಗಲ 2.4 ಮೀಟರ್ ಇರಬೇಕು, ಗಾಳಿ ಬೆಳಕಿಗೆ ಕಿಟಕಿ ಇರಬೇಕು ಎಂಬುದಷ್ಟೇ ಅದರ ಬೇಡಿಕೆ. ಕಾನೂನು ಕೇಳುವುದು ದೊಡ್ಡ ಮನೆಯನ್ನಲ್ಲ, ಉಸಿರಾಡಬಲ್ಲ ಮನೆಯನ್ನು.

ಇದು ಕೇವಲ ಅಧಿಕಾರಿಗಳ ಕಿರುಕುಳವೆಂದು ಭಾವಿಸುವವರು ಇತಿಹಾಸವನ್ನು ನೆನೆಯಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನ ಓಣಿಗಳು ಸಾವಿನ ಓಣಿಗಳಾದವು. ಅಗಲ ರಸ್ತೆಗಳ, ತೆರವು ಜಾಗಗಳ ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದದ್ದು ಆ ಬಳಿಕ. 1949ರಲ್ಲಿ ಸಿ. ರಾಜಗೋಪಾಲಾಚಾರಿಯವರು ಶಿಲಾನ್ಯಾಸ ಮಾಡಿದ ಕೈಗಾರಿಕಾ ಉಪನಗರವೇ ಅವರ ಹೆಸರು ಹೊತ್ತ ರಾಜಾಜಿನಗರ. ದುಡಿಯುವವನಿಗೂ ನೆಲೆ ಬೇಕೆಂಬ ಯೋಚನೆ ಈ ಪಶ್ಚಿಮ ಭಾಗಕ್ಕೆ ಹೊಸದಲ್ಲ.

ಈಗ ನಮ್ಮ ಲೆಕ್ಕ ನೋಡೋಣ. 2007ರಲ್ಲಿ ಮಂಜೂರಾದ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಗಳು ಸಣ್ಣ ವಸತಿ ನಿವೇಶನದ ಶೇ. 75ರಷ್ಟು ಭಾಗದಲ್ಲಿ ಕಟ್ಟಲು, ಎಲ್ಲ ಅಂತಸ್ತುಗಳೂ ಸೇರಿ ನಿವೇಶನದ 1.75 ಪಟ್ಟು ಕಟ್ಟಲು ಅವಕಾಶ ನೀಡಿದವು. 600 ಚದರಡಿಯ ಸೈಟಿನಲ್ಲಿ ಅದು 1050 ಚದರಡಿ. ನಾವು ಅಂಚಿನಿಂದ ಅಂಚಿಗೆ ನಾಲ್ಕು ಅಂತಸ್ತು ಎಬ್ಬಿಸಿದರೆ 2400 ಚದರಡಿ. ಈ ಹೆಚ್ಚುವರಿ ಎಲ್ಲಿಂದ ಬಂತು? ನೆರೆಯವನ ಕಿಟಕಿಯಿಂದ ಬಂತು, ಬಾಡಿಗೆದಾರನ ಮಗುವಿನ ಉಸಿರಿನಿಂದ ಬಂತು. ಗಾಳಿಯಾಡದ ಕೋಣೆಯಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆ ಎಂಬುದನ್ನು ಯಾವ ವೈದ್ಯರೂ ಹೇಳುತ್ತಾರೆ. ಜೀವಮಾನದ ಉಳಿತಾಯವನ್ನು ಲೀಸಿಗೆ ಕೊಟ್ಟು ಅಂತಹ ಕೋಣೆ ಸೇರುವ ಸಂಸಾರದ ಬಗ್ಗೆ ನಮಗೆ ಹೊಣೆಯಿಲ್ಲವೇ?

ಸರಕಾರವೂ ನಿರ್ದೋಷಿಯಲ್ಲ. ಬಡವನ ಕೈಗೆಟಕುವ ಸೈಟು ಸಾಕಷ್ಟು ಸಿಗದ ಕಾರಣ ಜನ ರೆವಿನ್ಯೂ ಬಡಾವಣೆಗಳನ್ನು ಕೊಂಡರು. ಬಳಿಕ ಅಕ್ರಮ-ಸಕ್ರಮದ ಆಸೆ ತೋರಿಸಲಾಯಿತು. 2007ರ ಆ ಕಾನೂನನ್ನು 2016ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದಿತು. ಹೊಸ ಮನೆ ಕಟ್ಟಿದ ಅನೇಕರು ಕತ್ತಲಲ್ಲಿ ಕುಳಿತರು. 2025ರಲ್ಲಿ ರಾಜ್ಯ ಸರಕಾರ 1200 ಚದರಡಿವರೆಗಿನ ನಿವೇಶನದ ಸಣ್ಣ ವಸತಿ ಕಟ್ಟಡಗಳಿಗೆ ಆ ಪತ್ರದಿಂದ ವಿನಾಯಿತಿ ನೀಡಿತು. ಇದು ಸ್ವಾಗತಾರ್ಹ. ಆದರೆ ನಕ್ಷೆಯೂ ಬೇಡ, ಸೆಟ್‌ಬ್ಯಾಕೂ ಬೇಡ ಎಂದು ಇದರ ಅರ್ಥವಲ್ಲ.

ಕೊನೆಯದಾಗಿ, ನಮ್ಮ ಮನೆಯೊಳಗಿನ ಒಂದು ಮಾತು. ತಂದೆ ತೀರಿಕೊಂಡ ಮೇಲೆ ಇಪ್ಪತ್ತಡಿಯ ಸೈಟನ್ನು ಅಣ್ಣತಮ್ಮಂದಿರು ಹತ್ತು ಹತ್ತಡಿಯಂತೆ ಸೀಳುತ್ತಾರೆ. ಎರಡು ಗೋಡೆಗೆ ಒಂದೂವರೆ ಅಡಿ, ಮೆಟ್ಟಿಲಿಗೆ ಮೂರಡಿ ಹೋದರೆ ಉಳಿಯುವುದು ಐದೂವರೆ ಅಡಿ. ಅದು ಮನೆಯೇ? ಅನುಮೋದನೆಯಿಲ್ಲದ ಈ ವಿಭಜನೆಗೆ ಪ್ರತ್ಯೇಕ ಖಾತೆಯಾಗಲಿ, ಬ್ಯಾಂಕಿನ ಸಾಲವಾಗಲಿ ಸಿಗುವುದು ಕಷ್ಟ. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. 'ಸೈಟು ಚಿಕ್ಕದು, ಇದರಲ್ಲಿ ನಿನಗೇನು ಕೊಡುವುದು?' ಎಂದು ಸಹೋದರಿಯ ಬಾಯಿ ಮುಚ್ಚಿಸಲಾಗುತ್ತದೆ. ಕುರ್‌ಆನ್ ಆಕೆಗೆ ನಿಗದಿಪಡಿಸಿದ ಪಾಲು ಸೈಟಿನ ಅಗಲವನ್ನು ನೋಡಿ ನಿಗದಿಯಾದದ್ದಲ್ಲ. ಆಸ್ತಿ ಕಡಿಮೆಯಾದರೂ ಹೆಚ್ಚಾದರೂ ಪಾಲು ಪಾಲೇ.

ಪಾಲು ಎಂದರೆ ನಡುವೆ ಗೋಡೆ ಎಬ್ಬಿಸುವುದೇ ಆಗಬೇಕೆಂದಿಲ್ಲ. ಇಡೀ ಸೈಟಿಗೆ ಬೆಲೆ ಕಟ್ಟಿ, ಉಳಿದುಕೊಳ್ಳುವವರು ಇತರರಿಗೆ ಹಣ ಕೊಡಬಹುದು. ಎಲ್ಲರ ಹೆಸರಿನಲ್ಲಿ ಜಂಟಿಯಾಗಿ ಇಟ್ಟು, ನಿಯಮದಂತೆ ಕಟ್ಟಿ, ಬಾಡಿಗೆಯನ್ನು ಪಾಲಿನಂತೆ ಹಂಚಬಹುದು. ಅದೂ ಆಗದಿದ್ದರೆ ಮಾರಿ ಹಂಚಬಹುದು. ಯಾವುದೇ ಆಗಲಿ, ಬರಹದಲ್ಲಿರಲಿ, ನೋಂದಣಿಯಾಗಲಿ.

ಸರಕಾರದಿಂದ ನಮ್ಮ ಹಕ್ಕನ್ನು ಖಂಡಿತ ಕೇಳೋಣ. ಆದರೆ ನೆರೆಯವನಿಗೆ ಮೂರಡಿ ಗಾಳಿ ಬಿಡಲಾರದವನು, ಸಹೋದರಿಗೆ ಪಾಲು ಕೊಡಲಾರದವನು ಯಾವ ಬಾಯಿಂದ ನ್ಯಾಯ ಕೇಳಬಲ್ಲ? ಇಂದು ಮನೆಗೆ ಮರಳಿದಾಗ ಪ್ರತಿಯೊಬ್ಬರೂ ನಿಮ್ಮ ಕಿಟಕಿಯನ್ನೊಮ್ಮೆ ತೆರೆದು ನೋಡಿ. ಜೊತೆಗೆ ನೆರೆಯವನ ಕಿಟಕಿ ತೆರೆಯುತ್ತದೆಯೇ ಎಂಬುದನ್ನೂ ನೋಡಿ.