ಮುದ್ರೆ ಯಾರ ಕೈಯಲ್ಲಿದೆ?

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರು ಸೇರಿದ್ದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಅಂಗಡಿಯಲ್ಲಿ ಎರಡು ಚೀಲ ರಾಗಿ ಇವೆ ಎಂದಿಟ್ಟುಕೊಳ್ಳೋಣ. ಒಂದರ ಮೇಲೆ ‘ಸಾವಯವ’ ಎಂಬ ಮುದ್ರೆಯಿದೆ, ಇನ್ನೊಂದರ ಮೇಲೆ ಇಲ್ಲ. ಮುದ್ರೆಯಿರುವ ಚೀಲಕ್ಕೆ ಬೆಲೆ ಹೆಚ್ಚು. ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ ಬಣ್ಣ, ಒಂದೇ ಗಾತ್ರ. ಮುದ್ದೆ ಮಾಡಿ ಉಂಡರೂ ವ್ಯತ್ಯಾಸ ತಿಳಿಯದು. ಹಾಗಾದರೆ ದಿನಗೂಲಿಯಿಂದ ಬದುಕುವ ನಾವು ಆ ಹೆಚ್ಚಿನ ಹಣವನ್ನು ಕೊಡುವುದು ಯಾವುದಕ್ಕೆ? ಬರಿಯ ಮಾತಿಗೆ. ಈ ರಾಗಿ ಬೆಳೆದ ಹೊಲಕ್ಕೆ ರಾಸಾಯನಿಕ ಗೊಬ್ಬರ ಬಿದ್ದಿಲ್ಲ, ವಿಷದ ಔಷಧಿ ಹೊಡೆದಿಲ್ಲ ಎಂದು ಯಾರೋ ಒಬ್ಬರು ಕೊಟ್ಟ ಮಾತಿಗೆ. ಆ ‘ಯಾರೋ ಒಬ್ಬರು’ ಯಾರು, ಅವರನ್ನು ಯಾರು ನೇಮಿಸಿದರು, ಅವರಿಗೆ ಹಣ ಕೊಡುವವರು ಯಾರು ಎಂಬುದೇ ಇಂದಿನ ನಮ್ಮ ವಿಷಯ.

ಇದು ರೈತರ ವಿಷಯ, ನಮಗೇಕೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ಉಣ್ಣುವವರು ನಾವು, ಆದುದರಿಂದ ನಮ್ಮದೂ ಹೌದು. ಅಂಗಡಿಯ ಗೆಳೆಯರಿಗಂತೂ ಇದು ಇನ್ನೂ ಹತ್ತಿರದ ಮಾತು. ಮುದ್ರೆ ಸುಳ್ಳಾದರೆ ಗಿರಾಕಿ ಬಂದು ಜಗಳ ತೆಗೆಯುವುದು ದೂರದ ಕಂಪನಿಯೊಡನೆ ಅಲ್ಲ, ಅಂಗಡಿಯವರೊಡನೆ.

ಮೊದಲು ಎಲ್ಲೆಡೆ ನಡೆದಿರುವ ಪದ್ಧತಿಯನ್ನು ನೋಡೋಣ. ಪ್ರಮಾಣಪತ್ರ ಕೊಡುವ ಸಂಸ್ಥೆಯೊಂದಿರುತ್ತದೆ. ರೈತ ಅದಕ್ಕೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಸಂಸ್ಥೆಯ ತಪಾಸಣಾಧಿಕಾರಿ ವರ್ಷಕ್ಕೊಮ್ಮೆಯಾದರೂ ಬಂದು ಹೊಲ ನೋಡಿ, ಬೀಜ ಎಲ್ಲಿಂದ ತಂದೆ, ಗೊಬ್ಬರ ಏನು ಹಾಕಿದೆ, ಫಸಲು ಎಷ್ಟು ಬಂತು, ಯಾರಿಗೆ ಮಾರಿದೆ ಎಂದು ಲೆಕ್ಕದ ಪುಸ್ತಕ ಕೇಳುತ್ತಾನೆ. ಹಳೆಯ ರಾಸಾಯನಿಕದ ಅಂಶ ಮಣ್ಣಿನಿಂದ ಕಳೆಯಲೆಂದು ಸಾಮಾನ್ಯವಾಗಿ ವಾರ್ಷಿಕ ಬೆಳೆಗಳಿಗೆ ೨ ವರ್ಷ, ತೋಟದ ಬೆಳೆಗಳಿಗೆ ೩ ವರ್ಷ ಕಾಯಬೇಕು. ಎಲ್ಲವೂ ಸರಿಯಿದ್ದರೆ ಪತ್ರ ಸಿಗುತ್ತದೆ. ತಪಾಸಣೆ ಮಾಡುವವನು ಹೊರಗಿನವನು, ಅವನಿಗೆ ಊರಿನ ದಾಕ್ಷಿಣ್ಯವಿಲ್ಲ. ಇದು ಈ ಪದ್ಧತಿಯ ಗುಣ. ಗುಣವನ್ನು ಗುಣವೆಂದೇ ಒಪ್ಪಬೇಕು.

ಆದರೆ ಎರಡು ಸಂಗತಿಗಳನ್ನು ಗಮನಿಸಿರಿ. ಪರೀಕ್ಷೆಗೆ ಒಳಗಾಗುವವನೇ ಪರೀಕ್ಷೆ ಮಾಡುವ ಸಂಸ್ಥೆಗೆ ಹಣ ಕೊಡುತ್ತಾನೆ. ಗಿರಣಿಯ ಬಾಯ್ಲರು ನೋಡಲು ಬರುವ ಇನ್ಸ್‌ಪೆಕ್ಟರಿಗೆ ಮಾಲೀಕನೇ ಸಂಬಳ ಕೊಡುವಂತಿದ್ದರೆ, ಸಂಬಳ ಹಿಡಿಸದಿದ್ದಾಗ ಬೇರೆ ಇನ್ಸ್‌ಪೆಕ್ಟರನನ್ನು ಕರೆಯುವಂತಿದ್ದರೆ, ನಾವು ನೆಮ್ಮದಿಯಿಂದ ಪಾಳಿಗೆ ಹೋಗುತ್ತಿದ್ದೆವೆ? ಎರಡನೆಯದು, ಶುಲ್ಕವೂ ಕಾಗದ ಪತ್ರವೂ ನೂರು ಎಕರೆಯವನಿಗೆ ಹಗುರ, ಎರಡು ಎಕರೆಯವನಿಗೆ ಭಾರ. ಅದಕ್ಕಾಗಿ ಸಣ್ಣ ರೈತರನ್ನು ಗುಂಪು ಮಾಡಿ ಒಂದೇ ಪತ್ರ ಕೊಡುವ ಏರ್ಪಾಡು ಬಂತು. ಆ ಪತ್ರವು ಎಷ್ಟೋ ಕಡೆ ರೈತರ ಹೆಸರಿನಲ್ಲಿರದೆ, ಹಣ ಹೂಡಿದ ರಫ್ತುದಾರನ ಹೆಸರಿನಲ್ಲಿ ಇದ್ದುದುಂಟು. ರೈತನು ಆ ಮುದ್ರೆಯ ಮೇಲೆ ಬೇರೆಯವರಿಗೆ ಮಾರುವಂತಿಲ್ಲ. ಬೆವರು ಇವನದು, ಪುಸ್ತಕ ಅವನದು. ಈ ಲೆಕ್ಕ ನಮಗೆ ಹೊಸದಲ್ಲ.

ಇದಕ್ಕಿಂತ ಭಿನ್ನವಾದ ದಾರಿ ಇದೆಯೆ? ಇದೆ. ಫ್ರಾನ್ಸ್ ದೇಶದ ಒಂದು ಸಂಘದ ಕಥೆಯನ್ನು ಹೇಳುತ್ತೇವೆ. ಅದರ ಹೆಸರು ‘ನಾತ್ಯೂರ್ ಎ ಪ್ರೊಗ್ರೆ’, ಎಂದರೆ ‘ಪ್ರಕೃತಿ ಮತ್ತು ಪ್ರಗತಿ’. ೧೯೬೪ರಲ್ಲಿ ಅದು ಹುಟ್ಟಿತು. ಮಹಾಯುದ್ಧದ ತರುವಾಯ ಆ ದೇಶದ ಹೊಲಗಳಿಗೆ ಟ್ರ್ಯಾಕ್ಟರು, ರಾಸಾಯನಿಕ ಗೊಬ್ಬರ, ಕೀಟನಾಶಕಗಳು ಭರದಿಂದ ನುಗ್ಗುತ್ತಿದ್ದ ಕಾಲವದು. ಈ ಸಂಘದ ವಿಶೇಷವೆಂದರೆ, ಬೆಳೆಯುವವರೂ ಉಣ್ಣುವವರೂ ಅದರಲ್ಲಿ ಒಟ್ಟಿಗೆ ಸದಸ್ಯರಾದರು. ೧೯೭೨ರಲ್ಲಿ ಅದು ಸಾವಯವ ಬೇಸಾಯದ ನಿಯಮಾವಳಿಯನ್ನು ಬರೆದು ಮುಂದಿಟ್ಟಿತು. ಅದೇ ವರ್ಷ ಇದರ ಅಧ್ಯಕ್ಷ ರೋಲಾಂ ಶೆವ್ರಿಯೊ ಅವರ ಕರೆಯ ಮೇರೆಗೆ ವರ್ಸೈ ನಗರದಲ್ಲಿ ಬ್ರಿಟನ್, ಸ್ವೀಡನ್, ದಕ್ಷಿಣ ಆಫ್ರಿಕ, ಅಮೆರಿಕಗಳ ಸಂಸ್ಥೆಗಳು ಕೂಡಿ ಸಾವಯವ ಚಳವಳಿಗಳ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವು.

ಸರ್ಕಾರ ಬಂದದ್ದು ಆಮೇಲೆ. ೧೯೮೦ರ ಕಾನೂನು ಈ ಬೇಸಾಯವನ್ನು ಗುರುತಿಸಿತು. ೧೯೮೫ರಲ್ಲಿ ಸರ್ಕಾರಿ ಮುದ್ರೆ ಬಂತು. ೧೯೯೧ರಲ್ಲಿ ಯುರೋಪಿನ ಎಲ್ಲ ಸದಸ್ಯ ದೇಶಗಳಿಗೆ ಒಂದೇ ಕಟ್ಟಳೆಯಾಯಿತು. ತಪಾಸಣೆಯನ್ನು ಮಾನ್ಯತೆ ಪಡೆದ ಹೊರಗಿನ ಸಂಸ್ಥೆಯೇ ಮಾಡತಕ್ಕದ್ದು ಎಂಬ ಪದ್ಧತಿ ಬಲವಾಯಿತು. ಇಲ್ಲಿ ಸಂಘವು ಕವಲುದಾರಿಗೆ ಬಂದು ನಿಂತಿತು. ತನ್ನ ಸದಸ್ಯರು ತಾವೇ ಹೊಲಕ್ಕೆ ಹೋಗಿ ನೋಡುವ ಕ್ರಮವನ್ನು ಅದು ಬಿಡಲಿಲ್ಲ. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಸರ್ಕಾರಿ ಪ್ರಮಾಣಪತ್ರವನ್ನೂ ಬೇರೆಯಾಗಿ ಪಡೆಯದ ಸದಸ್ಯನು ತನ್ನ ಸರಕಿನ ಮೇಲೆ ‘ಸಾವಯವ’ ಎಂಬ ಪದವನ್ನೇ ಬಳಸುವಂತಿಲ್ಲ. ಸಂಘದ ಮುದ್ರೆಯೊಂದನ್ನೇ ಹಾಕಬೇಕು. ಆ ಪದಕ್ಕೆ ಅರ್ಥ ತುಂಬಲು ದುಡಿದವರೇ ಆ ಪದವನ್ನು ಕಳೆದುಕೊಂಡರು!

ಅವರ ಕೆಲಸ ಹೇಗೆ ನಡೆಯುತ್ತದೆಂದು ಕೇಳಿರಿ. ಒಬ್ಬ ರೈತನ ಜಮೀನಿಗೆ ಇನ್ನೊಬ್ಬ ರೈತ ಹಾಗೂ ಒಬ್ಬ ಗ್ರಾಹಕ ಸದಸ್ಯ ಕೂಡಿ ಹೋಗುತ್ತಾರೆ. ಕೊಟ್ಟಿಗೆ, ತಿಪ್ಪೆ, ಬೀಜದ ಕೋಣೆ, ಲೆಕ್ಕ ಎಲ್ಲವನ್ನೂ ನೋಡುತ್ತಾರೆ. ಇದು ವರ್ಷ ವರ್ಷವೂ ನಡೆಯತಕ್ಕ ಭೇಟಿ. ಅವರ ವರದಿಯು ಬೆಳೆಗಾರರೂ ಗ್ರಾಹಕರೂ ಕೂಡಿರುವ ಸ್ಥಳೀಯ ಸಮಿತಿಯ ಮುಂದೆ ಬರುತ್ತದೆ. ಅಲ್ಲಿ ಚರ್ಚೆಯಾಗಿ ಮುದ್ರೆ ಕೊಡಬಹುದೆ, ಏನನ್ನು ತಿದ್ದಿಕೊಳ್ಳಬೇಕು ಎಂಬ ಅಭಿಪ್ರಾಯ ರೂಪುಗೊಳ್ಳುತ್ತದೆ. ಜಮೀನಿನ ಒಂದು ತುಂಡು ಸಾವಯವ, ಇನ್ನೊಂದು ತುಂಡಿಗೆ ರಾಸಾಯನಿಕ ಎಂಬುದು ಅಲ್ಲಿ ನಡೆಯದು. ಇಡೀ ಜಮೀನನ್ನೇ ಬದಲಿಸಬೇಕು. ಗೊಬ್ಬರವೊಂದನ್ನೇ ನೋಡಿ ಸುಮ್ಮನಾಗದೆ ನೀರು, ಇಂಧನ, ದುಡಿಯುವವರ ಸ್ಥಿತಿ, ಸರಕು ಮಾರುವ ರೀತಿ ಇವನ್ನೂ ಅವರ ಸನ್ನದು ಲೆಕ್ಕಕ್ಕೆ ಹಿಡಿಯುತ್ತದೆ.

ಇದರಲ್ಲಿ ದೋಷವಿಲ್ಲವೆ? ಇದೆ. ಅದನ್ನು ಮುಚ್ಚಿಟ್ಟು ಹೊಗಳುವುದು ನಮ್ಮ ರೀತಿಯಲ್ಲ. ನೆರೆಯವನು ನೆರೆಯವನ ತಪ್ಪನ್ನು ಬರೆಯಲು ಹಿಂಜರಿಯುತ್ತಾನೆ. ಇಂದು ನೀನು ನನ್ನದನ್ನು ಬಿಟ್ಟುಬಿಡು, ನಾಳೆ ನಾನು ನಿನ್ನದನ್ನು ಬಿಡುತ್ತೇನೆ ಎಂಬ ಒಳಒಪ್ಪಂದವೂ ಆಗಬಹುದು. ಭೇಟಿಗೆ ಹೋಗುವವನ ಒಂದು ದಿನದ ದುಡಿಮೆ ಹೋಗುತ್ತದೆ. ಇದಕ್ಕೆ ಮದ್ದೆಂದರೆ ಒಬ್ಬರನ್ನೇ ಮತ್ತೆ ಮತ್ತೆ ಒಂದೇ ಹೊಲಕ್ಕೆ ಕಳುಹಿಸದಿರುವುದು, ಅನುಮಾನ ಬಂದಲ್ಲಿ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳುಹಿಸುವುದು, ಎಲ್ಲಕ್ಕಿಂತ ಮೇಲಾಗಿ ಉಣ್ಣುವವನನ್ನು ಜೊತೆಗೆ ಕರೆದೊಯ್ಯುವುದು. ರೈತನಿಗೆ ರೈತನ ದಾಕ್ಷಿಣ್ಯವಿರಬಹುದು, ಮಗುವಿಗೆ ಆ ಅನ್ನ ಉಣಿಸುವ ತಾಯಿಗೆ ಅಂತಹ ದಾಕ್ಷಿಣ್ಯವೇಕೆ?

ಹೊರಗಿನ ತಪಾಸಣೆಯೇ ಪರಮ ರಕ್ಷೆ ಎನ್ನುವವರು ಒಂದು ಸಂಗತಿಯನ್ನು ನೆನೆಯಬೇಕು. ೨೦೨೦ರಲ್ಲಿ ನಮ್ಮ ದೇಶದಿಂದ ಯುರೋಪಿಗೆ ಹೋದ ಎಳ್ಳಿನಲ್ಲಿ ಎಥಿಲಿನ್ ಆಕ್ಸೈಡ್ ಎಂಬ ನಿಷಿದ್ಧ ರಾಸಾಯನಿಕ ಸಿಕ್ಕಿತು. ಸಾವಯವ ಮುದ್ರೆಯ ಎಳ್ಳೂ ಅದರಲ್ಲಿತ್ತು. ೨೦೨೧ರಲ್ಲಿ ಯುರೋಪ್ ಒಕ್ಕೂಟವು ಇಲ್ಲಿ ಕೆಲಸ ಮಾಡುತ್ತಿದ್ದ ಕೆಲವು ಪ್ರಮಾಣೀಕರಣ ಸಂಸ್ಥೆಗಳ ಮಾನ್ಯತೆಯನ್ನು ತೆಗೆದುಹಾಕಿತು. ಕಾಗದವೆಲ್ಲ ಸರಿಯಾಗಿದ್ದೂ ಸರಕು ಕೆಟ್ಟಿರಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬ್ರೆಜಿಲ್ ದೇಶವು ಬೇರೊಂದು ತೀರ್ಮಾನಕ್ಕೆ ಬಂತು. ಅದರ ದಕ್ಷಿಣ ಪ್ರಾಂತಗಳಲ್ಲಿ ೧೯೯೮ರಲ್ಲಿ ‘ಇಕೊವೀಡಾ’ ಎಂಬ ಜಾಲವನ್ನು ಸಣ್ಣ ರೈತರು ಮತ್ತು ಗ್ರಾಹಕರ ಸಂಘಗಳು ಕಟ್ಟಿಕೊಂಡವು. ೨೦೦೩ರ ಕಾನೂನು ಹಾಗೂ ೨೦೦೭ರ ನಿಯಮಗಳ ಮೂಲಕ ಅಲ್ಲಿಯ ಸರ್ಕಾರ ಹೊರಗಿನ ತಪಾಸಣೆಯನ್ನೂ ಸದಸ್ಯರ ತಪಾಸಣೆಯನ್ನೂ ಎರಡನ್ನೂ ಒಪ್ಪಿತು. ಫ್ರಾನ್ಸಿನಲ್ಲಿ ಪದ ಕಳೆದುಕೊಂಡವರ ದಾರಿಗೆ ಬ್ರೆಜಿಲ್ಲಿನಲ್ಲಿ ಕಾನೂನಿನ ಆಸರೆ ಸಿಕ್ಕಿತು. ಕಟ್ಟಳೆ ಎಂಬುದು ಬ್ರಹ್ಮಲಿಖಿತವಲ್ಲ, ಜನ ಒಗ್ಗಟ್ಟಾಗಿ ಕೇಳಿದರೆ ಅದು ಬದಲಾಗುತ್ತದೆ.

ನಮ್ಮ ದೇಶದ ಮಾತು. ರಫ್ತಿಗಾಗಿ ೨೦೦೧ರಿಂದ ಹೊರಗಿನ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ ನಡೆದಿದೆ. ಒಳನಾಡಿನ ಮಾರಾಟಕ್ಕೆ ಕೇಂದ್ರ ಕೃಷಿ ಇಲಾಖೆಯ ‘ಪಿ.ಜಿ.ಎಸ್.-ಇಂಡಿಯಾ’ ಎಂಬ ಸಹಭಾಗಿತ್ವದ ಪದ್ಧತಿಯೂ ಇದೆ. ಅಕ್ಕಪಕ್ಕದ ಕನಿಷ್ಠ ೫ ಮಂದಿ ರೈತರು ಗುಂಪಾಗಿ ಪರಸ್ಪರ ಹೊಲಗಳನ್ನು ನೋಡಿ ನಿರ್ಣಯಿಸುತ್ತಾರೆ. ಬದಲಾವಣೆಯ ಅವಧಿಯಲ್ಲಿ ‘ಗ್ರೀನ್’, ಅವಧಿ ಮುಗಿದ ಮೇಲೆ ‘ಆರ್ಗ್ಯಾನಿಕ್’ ಎಂಬ ಗುರುತು. ೨೦೧೭ರ ಆಹಾರ ಸುರಕ್ಷತೆಯ ನಿಯಮಗಳು ಎರಡು ಪದ್ಧತಿಗಳನ್ನೂ ಮಾನ್ಯ ಮಾಡಿವೆ. ಕರ್ನಾಟಕವಂತೂ ೨೦೦೪ರಲ್ಲಿಯೇ ಸಾವಯವ ಕೃಷಿಗೊಂದು ನೀತಿಯನ್ನು ಪ್ರಕಟಿಸಿದ ರಾಜ್ಯ. ಆದುದರಿಂದ ಬಾಗಿಲು ಮುಚ್ಚಿಲ್ಲ. ಗ್ರಾಹಕನೂ ತಪಾಸಣೆಗೆ ಬರಬಹುದೆಂಬ ಆಶಯ ಈ ಪದ್ಧತಿಯಲ್ಲಿಯೇ ಇದೆ. ಆ ಕುರ್ಚಿಯಲ್ಲಿ ಹೋಗಿ ಕೂಡಬೇಕಾದವರು ಯಾರು? ನಾವೇ.

ಹೀಗಾಗಿ, ಅಂಗಡಿಯ ಗೆಳೆಯರು ಸರಕು ಇಳಿಸಿಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಲಿ. ಪತ್ರ ಯಾರ ಹೆಸರಿನಲ್ಲಿದೆ? ಹೊಲ ನೋಡಿದವರು ಯಾರು? ಅವರಿಗೆ ಹಣ ಕೊಟ್ಟವರು ಯಾರು? ಗಿರಾಕಿ ಬಂದು ನೋಡುತ್ತೇನೆಂದರೆ ಬಿಡುವಿರಾ? ಕೊನೆಯ ಪ್ರಶ್ನೆಗೆ ತಡವರಿಸುವವನ ಚೀಲವನ್ನು ತಿರುಗಿಸಿ ಕಳುಹಿಸಬಹುದು. ಕಾಲಕಾಲಕ್ಕೆ ತೂಕದ ಕಲ್ಲಿಗೆ ಮುದ್ರೆ ಹಾಕಿಸಿಕೊಳ್ಳುವ ನಿಮಗೆ ಮುದ್ರೆಯ ಜವಾಬ್ದಾರಿ ಏನೆಂದು ಹೇಳಿಕೊಡಬೇಕಾಗಿಲ್ಲ.

ಗಿರಣಿಯ ಗೆಳೆಯರೇ, ನಮ್ಮ ಗ್ರಾಹಕ ಸಹಕಾರ ಸಂಘದಿಂದ ಇಬ್ಬರನ್ನು ಆರಿಸಿ, ತಿಂಗಳಿಗೊಂದು ರಜೆಯ ದಿನ ಹತ್ತಿರದ ರೈತರ ಗುಂಪಿನೊಡನೆ ಹೊಲಕ್ಕೆ ಕಳುಹಿಸೋಣ. ಬಸ್ಸಿನ ಖರ್ಚನ್ನು ಸಂಘವೇ ಕೊಡಲಿ. ಅವರು ಕಂಡದ್ದನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಲಿ. ಬೆಲೆ ಎಷ್ಟಾದರೆ ರೈತನಿಗೂ ಗಿಟ್ಟುತ್ತದೆ, ನಮಗೂ ಎಟಕುತ್ತದೆ ಎಂಬುದನ್ನೂ ಅಲ್ಲಿಯೇ ಎದುರುಬದುರು ಕುಳಿತು ಗೊತ್ತುಮಾಡಿಕೊಳ್ಳಬಹುದು. ಮುಂದಿನ ಸಭೆಯೊಳಗೆ ಆ ಇಬ್ಬರ ಹೆಸರು ಬರಲಿ ಎಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.