ಗಾಳಿ ನಿಂತರೂ ಹಾಲು ದಾರಿ ತಪ್ಪಬಾರದು

(ಡೇರಿ ವೀಕ್ಷಣೆಗೆ ಬಂದಿದ್ದ ಸಂಘಗಳ ಸದಸ್ಯರನ್ನು ಉದ್ದೇಶಿಸಿ ಡೇರಿಯ ಇಂಜಿನಿಯರಿಂಗ್ ವಿಭಾಗದ ಅಧಿಕಾರಿಯೊಬ್ಬರು ಮಾಡಿದ ಭಾಷಣ)



ಬೆಳಿಗ್ಗೆಯಿಂದ ತಾವು ಡೇರಿಯನ್ನು ಸುತ್ತಿ ನೋಡಿದ್ದೀರಿ. ಆಗ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಅಲ್ಲಾ ಸ್ವಾಮಿ, ಹಾಲಿನ ಕೊಳವೆಗಳಿಗೆಲ್ಲ ಸಣ್ಣ ಸಣ್ಣ ಗಾಳಿ ಪೈಪು ಯಾಕೆ ಕಟ್ಟಿದ್ದೀರಿ? ಆಗಾಗ ಬುಸ್ ಅಂತ ಹಾವಿನ ಹಾಗೆ ಸದ್ದು ಮಾಡುತ್ತಲ್ಲ, ಅದೇನು?" ಅವರ ಪಕ್ಕದಲ್ಲಿದ್ದ ಸಂಘದ ಕಾರ್ಯದರ್ಶಿಗಳು ಇನ್ನೊಂದು ಪ್ರಶ್ನೆ ಹಾಕಿದರು: "ಹೋದ ತಿಂಗಳು ನಮ್ಮ ಟ್ಯಾಂಕರನ್ನು ಎರಡು ಗಂಟೆ ಗೇಟಿನಲ್ಲೇ ನಿಲ್ಲಿಸಿದಿರಿ. ಕೇಳಿದರೆ ವಾಲ್ವ್ ರಿಪೇರಿ ಅಂದಿರಿ. ಒಂದು ವಾಲ್ವಿಗೆ ಇಷ್ಟು ಹೊತ್ತು ಬೇಕೆ?"

ಎರಡೂ ನ್ಯಾಯವಾದ ಪ್ರಶ್ನೆಗಳು. ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ. ಅದನ್ನು ತಮ್ಮ ಮುಂದೆ ಇಡುತ್ತೇನೆ.

ಗಾಳಿಯಿಂದ ಕೆಲಸ ಮಾಡುವ ವಾಲ್ವ್

ಹಿಂದೆ ಡೇರಿಯಲ್ಲಿ ವಾಲ್ವುಗಳನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಈಗ ದೊಡ್ಡ ಡೇರಿಗಳಲ್ಲಿ ಆ ಕೆಲಸವನ್ನು ಗಾಳಿ ಮಾಡುತ್ತದೆ. ವಾಲ್ವಿನ ತಲೆಯ ಮೇಲೆ ಡಬ್ಬಿಯಂತೆ ಕೂತಿರುವುದನ್ನು ತಾವು ನೋಡಿದಿರಿ. ಅದಕ್ಕೆ ಆಕ್ಚುವೇಟರ್ ಎನ್ನುತ್ತಾರೆ. ಅದರೊಳಗೆ ಒಂದು ಪಿಸ್ಟನ್, ಒಂದು ಬಲವಾದ ಸ್ಪ್ರಿಂಗ್ ಇವೆ. ಕಂಪ್ರೆಸರಿನಿಂದ ಬಂದ ಗಾಳಿ ಪಿಸ್ಟನ್ನನ್ನು ಒಂದು ಕಡೆಗೆ ತಳ್ಳುತ್ತದೆ. ಗಾಳಿ ಬಿಟ್ಟೊಡನೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗೆ ಹೊರಬರುವ ಗಾಳಿಯದೇ ಆ ಬುಸ್ ಎಂಬ ಸದ್ದು. ಗಾಳಿಯನ್ನು ಒಳಕ್ಕೆ ಬಿಡುವ, ಹೊರಕ್ಕೆ ಬಿಡುವ ಸಣ್ಣ ವಿದ್ಯುತ್ ವಾಲ್ವಿಗೆ ಸೊಲೆನಾಯ್ಡ್ ಎಂದು ಹೆಸರು.

ಮೋಟಾರ್ ಇಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಡೇರಿಯಲ್ಲಿ ದಿನವೂ ನೀರು ಹಾಕಿ ತೊಳೆಯುತ್ತೇವೆ. ನೀರಿಗೂ ವಿದ್ಯುತ್ತಿಗೂ ಸ್ನೇಹವಿಲ್ಲ. ಗಾಳಿಗೆ ಆ ಭಯವಿಲ್ಲ. ಅದಕ್ಕೆ ಬಲವೂ ಸಾಕಷ್ಟಿದೆ. 10 ಸೆಂಟಿಮೀಟರ್ ಅಗಲದ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿಗೆ 6 ಕಿಲೋ ಒತ್ತಡದ ಗಾಳಿ ಬಿಟ್ಟರೆ ಸುಮಾರು 470 ಕಿಲೋ ಬಲ ಬರುತ್ತದೆ. ಒತ್ತಡ 4 ಕಿಲೋಗೆ ಇಳಿದರೆ ಬಲ ಸುಮಾರು 314 ಕಿಲೋಗೆ ಇಳಿಯುತ್ತದೆ. ಸ್ಪ್ರಿಂಗಿನ ಎದುರು ಗಾಳಿ ಸೋತರೆ ವಾಲ್ವ್ ಪೂರ್ತಿ ತೆರೆಯದೆ ಅರ್ಧದಲ್ಲಿ ನಿಲ್ಲುತ್ತದೆ. ಆದ್ದರಿಂದ ಒತ್ತಡ ತೋರಿಸುವ ಗಡಿಯಾರದ ಮೇಲೆ ಸದಾ ಕಣ್ಣಿಡಬೇಕು.

ಈ ಏರ್ಪಾಡು ತಮಗೆ ಹೊಸದೇನಲ್ಲ. ಗಾಳಿ ಬ್ರೇಕಿನ ಬಸ್ಸುಗಳನ್ನು ನೋಡಿ. ಬೆಳಿಗ್ಗೆ ಹೊರಡುವ ಮೊದಲು ಚಾಲಕರು ಇಂಜಿನ್ ಚಾಲೂ ಮಾಡಿ, ಗಾಳಿ ತುಂಬುವವರೆಗೆ ಕಾಯುತ್ತಾರೆ. ಬಸ್ಸನ್ನು ನಿಲ್ಲಿಸಿಟ್ಟಾಗ ಹಿಡಿದಿಡುವುದು ಸ್ಪ್ರಿಂಗ್, ಅದನ್ನು ಬಿಡಿಸುವುದು ಗಾಳಿ. ಗಾಳಿ ಪೂರ್ತಿ ಸೋರಿಹೋದರೆ ಬ್ರೇಕ್ ತಾನಾಗಿ ಹಿಡಿದು ಬಸ್ಸು ನಿಲ್ಲುತ್ತದೆಯೇ ಹೊರತು ಇಳಿಜಾರಿನಲ್ಲಿ ಉರುಳುವುದಿಲ್ಲ. ಕೆಟ್ಟರೂ ಕ್ಷೇಮದ ಕಡೆಗೇ ಕೆಡಬೇಕು ಎಂಬುದು ಇದರ ಸೂತ್ರ. ಡೇರಿಯ ವಾಲ್ವುಗಳಲ್ಲೂ ಸೂತ್ರ ಇದೇ.

ಎಲ್ಲಕ್ಕಿಂತ ಮುಖ್ಯವಾದ ವಾಲ್ವ್

ನಮ್ಮಲ್ಲಿರುವ ವಾಲ್ವುಗಳಲ್ಲೆಲ್ಲ ಒಂದಕ್ಕೆ ಮೊದಲ ಸ್ಥಾನ. ಪಾಶ್ಚರೀಕರಣ ಯಂತ್ರದಲ್ಲಿ ಹಾಲನ್ನು ಕನಿಷ್ಠ 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 15 ಸೆಕೆಂಡು ಅದೇ ಬಿಸಿಯಲ್ಲಿ ಒಂದು ಕೊಳವೆಯ ಮೂಲಕ ಹಾಯಿಸುತ್ತೇವೆ. ಕ್ಷಯ, ಬ್ರುಸೆಲ್ಲೋಸಿಸ್ ಮುಂತಾದ ರೋಗಗಳ ಅಣುಜೀವಿಗಳು ಇಷ್ಟರಲ್ಲಿ ನಾಶವಾಗುತ್ತವೆ. ಆ ಕೊಳವೆಯ ಕೊನೆಯಲ್ಲಿ ಕಾವಲುಗಾರನಂತೆ ಒಂದು ವಾಲ್ವ್ ಇದೆ. ಹಾಲಿನ ಬಿಸಿ ಸರಿಯಾಗಿದ್ದರೆ ಅದು ಹಾಲನ್ನು ಮುಂದಕ್ಕೆ ಬಿಡುತ್ತದೆ. ಬಿಸಿ ನಿಗದಿತ ಮಟ್ಟಕ್ಕಿಂತ ಇಳಿದರೆ ಹಾಲನ್ನು ಹಿಂದಕ್ಕೆ, ಮೊದಲಿನ ತೊಟ್ಟಿಗೆ, ಕಳಿಸುತ್ತದೆ.

ಇಲ್ಲಿ ಮುಂದಕ್ಕೆ ಬಿಡುವ ಕೆಲಸ ಗಾಳಿಯದು, ಹಿಂದಕ್ಕೆ ತಿರುಗಿಸುವ ಕೆಲಸ ಸ್ಪ್ರಿಂಗಿನದು. ಕರೆಂಟು ಹೋಗಲಿ, ಕಂಪ್ರೆಸರ್ ನಿಲ್ಲಲಿ, ಗಾಳಿ ಪೈಪು ಕಿತ್ತು ಬರಲಿ, ಹಾಲು ಹಿಂದಕ್ಕೇ ಹೋಗಬೇಕು. ಅದೂ ಒಂದು ಸೆಕೆಂಡಿನೊಳಗೆ ತಿರುಗಬೇಕು. ಗಂಟೆಗೆ 10,000 ಲೀಟರ್ ಓಡುವ ಯಂತ್ರದಲ್ಲಿ ಒಂದು ಸೆಕೆಂಡಿಗೆ ಸುಮಾರು 2.8 ಲೀಟರ್ ಹಾಲು ಈ ವಾಲ್ವನ್ನು ದಾಟುತ್ತದೆ.

ಜೋಡಿಸುವಾಗ ಗಮನಿಸಬೇಕಾದವು

ಇಂಥ ವಾಲ್ವ್ ಜೋಡಿಸುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಗಾಳಿ ಹೋದರೆ ಇದು ಯಾವ ಕಡೆ ನಿಲ್ಲಬೇಕು ಎಂಬುದು. ಸೈಲೋ ಕೆಳಗಿನ ವಾಲ್ವ್ ಮುಚ್ಚಿಕೊಳ್ಳಬೇಕು, ಇಲ್ಲವಾದರೆ ಹಾಲು ಹರಿದುಹೋಗುತ್ತದೆ. ಹಬೆಯ ವಾಲ್ವೂ ಮುಚ್ಚಿಕೊಳ್ಳಬೇಕು. ಹೊರಗಿನಿಂದ ಎಲ್ಲ ಆಕ್ಚುವೇಟರುಗಳೂ ಒಂದೇ ರೀತಿ ಕಾಣುತ್ತವೆ. ಮೇಲಿನ ತಗಡಿನ ಬರಹ ಓದದೆ ಒಂದರ ಬದಲು ಇನ್ನೊಂದನ್ನು ಕೂರಿಸಿದರೆ ಎಲ್ಲವೂ ತಲೆಕೆಳಗಾಗುತ್ತದೆ.

ಎರಡನೆಯದು, ವಾಲ್ವನ್ನು ಕೊಳವೆಗೆ ಬೆಸೆಯುವಾಗ ಒಳಗಿನ ಭಾಗಗಳನ್ನು ಹೊರತೆಗೆದಿರಬೇಕು. ಇಲ್ಲದಿದ್ದರೆ ವೆಲ್ಡಿಂಗಿನ ಶಾಖಕ್ಕೆ ರಬ್ಬರ್ ಸೀಲುಗಳು ಸುಟ್ಟುಹೋಗುತ್ತವೆ. ವಾಲ್ವಿನ ಭಾರವನ್ನು ಕೊಳವೆಯ ಮೇಲೆ ಹೇರದೆ ಆಧಾರ ಕೊಡಬೇಕು. ಮುಂದೆ ಬಿಚ್ಚಿ ಎತ್ತಲು ಮೇಲ್ಗಡೆ ಜಾಗ ಬಿಟ್ಟಿರಬೇಕು.

ಮೂರನೆಯದು, ಗಾಳಿಯ ದೊಡ್ಡ ಕೊಳವೆಯಿಂದ ಸಣ್ಣ ಕವಲು ತೆಗೆಯುವಾಗ ಮೇಲ್ಭಾಗದಿಂದ ತೆಗೆಯಬೇಕು. ಕೆಳಭಾಗದಿಂದ ತೆಗೆದರೆ ಕೊಳವೆಯಲ್ಲಿ ನಿಂತ ನೀರೆಲ್ಲ ನೇರ ವಾಲ್ವಿಗೆ ಬರುತ್ತದೆ. ಜೋಡಿಸುವ ಮೊದಲು ಜೋರಾಗಿ ಗಾಳಿ ಬಿಟ್ಟು ಪೈಪನ್ನು ಊದಿಸಬೇಕು. ಮರೆಗಳಿಗೆ ಸುತ್ತಿದ ಬಿಳಿ ಟೇಪಿನ ಒಂದು ಚೂರು ಸಾಕು, ಸೊಲೆನಾಯ್ಡಿನ ಸಣ್ಣ ರಂಧ್ರ ಕಟ್ಟಿಕೊಳ್ಳಲು.

ಕೊನೆಯದಾಗಿ, ಹಾಲು ಬಿಡುವ ಮೊದಲು ಹಲವು ಬಾರಿ ಬರಿದೇ ಆಡಿಸಿ, ಆಮೇಲೆ ನೀರು ಬಿಟ್ಟು ಪರೀಕ್ಷಿಸಬೇಕು. ನೀರು ಹರಿಯುತ್ತಿರುವಾಗಲೇ ಗಾಳಿಯನ್ನು ಬೇಕೆಂದೇ ನಿಲ್ಲಿಸಿ, ವಾಲ್ವ್ ಕ್ಷೇಮದ ಕಡೆಗೆ ಹೋಯಿತೇ ಎಂದು ಕಣ್ಣಾರೆ ನೋಡಬೇಕು.

ನಾನು ಮಾಡಿದ ಒಂದು ತಪ್ಪು

ಈ ಮಾತುಗಳನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಹಲವು ವರ್ಷಗಳ ಹಿಂದೆ ಬೇರೊಂದು ಡೇರಿಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮಳೆಗಾಲ. ಗಾಳಿಯ ತೇವ ತೆಗೆಯುವ ಡ್ರೈಯರ್ ಕೆಟ್ಟಿತ್ತು. ಡ್ರೈಯರ್ ಇಲ್ಲದಿದ್ದರೂ ಗಾಳಿ ಬರುತ್ತಿದೆಯಲ್ಲ, ಮುಂದಿನ ತಿಂಗಳು ರಿಪೇರಿ ಮಾಡಿಸಿದರಾಯಿತು ಎಂದು ನಾನು ಸುಮ್ಮನಾದೆ.

ಸುಮಾರು ಹತ್ತು ದಿನ ಕಳೆಯಿತು. ಬೆಳಿಗ್ಗೆ ಹಾಲು ಬಿಡುವ ಮೊದಲು ಆಪರೇಟರು ಎಂದಿನಂತೆ ನೀರಿನಲ್ಲಿ ವಾಲ್ವಿನ ಪರೀಕ್ಷೆ ನಡೆಸಿದರು. ಅವರು ಏಳನೇ ತರಗತಿಯವರೆಗೆ ಓದಿದ ಹಿರಿಯರು. ಬಿಸಿ ಇಳಿಸಿದರು. ವಾಲ್ವ್ ಕೂಡಲೇ ತಿರುಗಬೇಕಿತ್ತು. ಅವರು ಒಂದು, ಎರಡು ಎಂದು ಎಣಿಸತೊಡಗಿದರು. ನಾಲ್ಕಕ್ಕೆ ತಿರುಗಿತು. ಅವರು ಯಂತ್ರ ನಿಲ್ಲಿಸಿಬಿಟ್ಟರು. ಹೊರಗೆ ಟ್ಯಾಂಕರುಗಳ ಸಾಲು ನಿಂತಿತ್ತು. "ನಾಲ್ಕೇ ಸೆಕೆಂಡಲ್ಲವೇ, ಈಗ ಓಡಿಸಿ, ಮಧ್ಯಾಹ್ನ ನೋಡೋಣ" ಎಂದೆ ನಾನು. ಅವರು ಸಿಟ್ಟಾಗಲಿಲ್ಲ. "ಸಾರ್, ನಾಲ್ಕು ಸೆಕೆಂಡಿಗೆ ಎಷ್ಟು ಲೀಟರು ಅಂತ ಲೆಕ್ಕ ಹಾಕಿ" ಎಂದರು ಅಷ್ಟೆ.

ಅದೂ 10,000 ಲೀಟರಿನ ಯಂತ್ರವೇ. ಲೆಕ್ಕ ಹಾಕಿದೆ. ಹನ್ನೊಂದು ಲೀಟರು. ಬಿಸಿ ಇಳಿದ ಪ್ರತಿ ಸಲವೂ ಸರಿಯಾಗಿ ಕಾಯದ ಹನ್ನೊಂದು ಲೀಟರು ಹಾಲು, ಕಾದ ಹಾಲಿನ ಸೈಲೋಗೆ ಸೇರುತ್ತಿತ್ತು. ಹೆಪ್ಪು ಹಾಕುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ, ಒಂದು ಚಮಚ ಏನು ಮಾಡುತ್ತದೆ ಎಂದು ತಮಗೇ ಗೊತ್ತು.

ಬಿಚ್ಚಿ ನೋಡಿದಾಗ ಸೊಲೆನಾಯ್ಡಿನೊಳಗೆ ನೀರೂ ಕಂಪ್ರೆಸರಿನ ಎಣ್ಣೆಯೂ ಬೆರೆತು ಗಟ್ಟಿ ಮಜ್ಜಿಗೆಯಂತೆ ಕೂತಿತ್ತು. ಗಾಳಿ ಹೊರಹೋಗುವ ತುದಿಯ ಸದ್ದು ತಡೆಯುವ ಬಿರಡೆ, ಕೊಳವೆಯ ತುಕ್ಕಿನಿಂದ ಕಟ್ಟಿಕೊಂಡಿತ್ತು. ಸ್ಪ್ರಿಂಗ್ ಗಟ್ಟಿಯಾಗಿಯೇ ಇತ್ತು. ಆದರೆ ಒಳಗಿನ ಗಾಳಿ ಹೊರಗೆ ಹೋಗದೆ ಸ್ಪ್ರಿಂಗ್ ಏನು ಮಾಡೀತು? ತಪ್ಪು ನನ್ನದು. ಅಂದು ಆ ಹಿರಿಯರು ಅಧಿಕಾರಿಯ ಮಾತೆಂದು ಕೇಳಿದ್ದರೆ, ಆ ಹಾಲು ಯಾವ ಯಾವ ಮಕ್ಕಳ ಲೋಟ ಸೇರುತ್ತಿತ್ತೋ ಎಂದು ಇಂದಿಗೂ ಯೋಚಿಸುತ್ತೇನೆ.

ದಿನನಿತ್ಯದ ಆರೈಕೆ

ಈಗ ನಮ್ಮ ಡೇರಿಯಲ್ಲಿ ಪಾಲಿಸುವ ಕ್ರಮ ಹೀಗಿದೆ:

1. ಪ್ರತಿದಿನ ಕಂಪ್ರೆಸರಿನ ಗಾಳಿ ತೊಟ್ಟಿಯಿಂದಲೂ ಸೋಸುವ ಬಟ್ಟಲುಗಳಿಂದಲೂ ನೀರು ಬಸಿಯಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು ಸಲ.

2. ವಾಲ್ವಿಗೂ ಆಕ್ಚುವೇಟರಿಗೂ ನಡುವೆ ತೆರೆದ ಕಿಂಡಿ ಇದೆ. ದಿನವೂ ಅಲ್ಲಿ ನೋಡಬೇಕು. ಹಾಲು ತೊಟ್ಟಿಕ್ಕಿದರೆ ವಾಲ್ವಿನ ದಂಡದ ಸೀಲು ಸವೆದಿದೆ. ಗಾಳಿ ಸೋರುವ ಸದ್ದು ಬಂದರೆ ಆಕ್ಚುವೇಟರಿನ ಸೀಲು ಹೋಗಿದೆ.

3. ವಾರಕ್ಕೊಮ್ಮೆ ಗಾಳಿ ಪೈಪಿನ ಸಂದುಗಳಿಗೆ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಎದ್ದರೆ ಸೋರಿಕೆ. ಸೋರುವ ಗಾಳಿ ಎಂದರೆ ಸೋರುವ ಕರೆಂಟು, ಅದು ತಮ್ಮದೇ ಹಣ.

4. ಸೀಲುಗಳನ್ನು ಸೋರುವವರೆಗೆ ಕಾಯದೆ ತಯಾರಕರು ಹೇಳಿದ ಅವಧಿಗೆ ಬದಲಿಸಬೇಕು. ಹಾಲು ತಾಗುವ ಕಡೆ ಸಾಮಾನ್ಯವಾಗಿ ಇ.ಪಿ.ಡಿ.ಎಂ. ಎಂಬ ರಬ್ಬರ್ ಇರುತ್ತದೆ. ಕಾಸ್ಟಿಕ್ ಸೋಡಾ ಬೆರೆತ ಬಿಸಿ ನೀರನ್ನು ತಡೆಯುವ ಈ ರಬ್ಬರ್, ಇಂಜಿನ್ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಆಹಾರ ಯಂತ್ರಗಳಿಗೆಂದೇ ಇರುವ ಗ್ರೀಸನ್ನು ಮಾತ್ರ ಹಚ್ಚಬೇಕು.

5. ಆಕ್ಚುವೇಟರಿನ ಒಳಗೆ ಸ್ಪ್ರಿಂಗ್ ಬಿಗಿಯಾಗಿ ಅದುಮಿ ಕೂತಿರುತ್ತದೆ. ತಯಾರಕರು ಹೇಳಿದ ಕ್ರಮ ಬಿಟ್ಟು ಬಿಚ್ಚಿದರೆ ಮುಖಕ್ಕೆ ಬಂದು ಬಡಿಯುತ್ತದೆ. ಗಾಳಿ ಇರುವಾಗ ವಾಲ್ವಿನೊಳಗೆ ಬೆರಳು ಹಾಕುವಂತೆಯೇ ಇಲ್ಲ.

6. ಕೆಲಸ ನಿಲ್ಲಬಾರದೆಂದು ವಾಲ್ವನ್ನು ತಂತಿ ಕಟ್ಟಿ ಮುಂದಕ್ಕೇ ನಿಲ್ಲಿಸುವುದು ಮಹಾಪರಾಧ. ಅದನ್ನು ಯಾರೂ, ಯಾರ ಮಾತಿಗೂ, ಮಾಡಕೂಡದು.

ತಮ್ಮ ಕೊಟ್ಟಿಗೆಯಲ್ಲೂ ಇದೆ

ಹಾಲು ಕರೆಯುವ ಯಂತ್ರ ಇಟ್ಟಿರುವ ಸದಸ್ಯರಿಗೆ ಒಂದು ಮಾತು. ಆ ಯಂತ್ರದ ಟಕ್ ಟಕ್ ಎನ್ನುವ ಪಲ್ಸೇಟರ್ ಕೂಡ ಗಾಳಿಯ ಆಟದಿಂದಲೇ ನಡೆಯುವ ವಾಲ್ವ್. ನಿಮಿಷಕ್ಕೆ ಸುಮಾರು 60 ಸಲ ಅದು ಗಾಳಿಯನ್ನು ಒಳಬಿಟ್ಟು ಮೊಲೆತೊಟ್ಟಿಗೆ ವಿಶ್ರಾಂತಿ ಕೊಡುತ್ತದೆ. ಅದರ ಗಾಳಿ ರಂಧ್ರಕ್ಕೆ ಹಿಂಡಿ, ಹೊಟ್ಟಿನ ಧೂಳು ಕಟ್ಟಿದರೆ ವಿಶ್ರಾಂತಿ ಸಿಗದೆ ತೊಟ್ಟು ಊದಿಕೊಳ್ಳುತ್ತದೆ, ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಆ ರಂಧ್ರವನ್ನೂ ಜಾಳಿಗೆಯನ್ನೂ ಆಗಾಗ ಶುಚಿ ಮಾಡಿ. ಟಕ್ ಟಕ್ ಸದ್ದು ಎಂದಿನಂತಿಲ್ಲ ಎನಿಸಿದರೆ ಯಂತ್ರ ನಿಲ್ಲಿಸಿ, ಅಂದು ಕೈಯಲ್ಲೇ ಕರೆಯಿರಿ.

ಆ ಎರಡು ಗಂಟೆ

ಇನ್ನು ಕಾರ್ಯದರ್ಶಿಗಳ ಪ್ರಶ್ನೆಗೆ ಬರುತ್ತೇನೆ. ಹೋದ ತಿಂಗಳು ಆ ವಾಲ್ವಿನ ಕಿಂಡಿಯಲ್ಲಿ ಹಾಲಿನ ಹನಿ ಕಂಡಿತು. ಸೀಲು ಬದಲಿಸಲು ಇಪ್ಪತ್ತು ನಿಮಿಷವೇ ಸಾಕಾಯಿತು. ಆದರೆ ಬಿಚ್ಚಿದ ವಾಲ್ವಿಗೆ ಹಾಗೆಯೇ ಹಾಲು ಬಿಡುವಂತಿಲ್ಲ. ಕಾಸ್ಟಿಕ್ ಸೋಡಾ ದ್ರಾವಣ, ಆಮ್ಲ ದ್ರಾವಣ, ನೀರು ಎಂದು ಕ್ರಮವಾಗಿ ಹರಿಸಿ ತೊಳೆದು, ಮತ್ತೆ ಬಿಸಿ ಏರಿಸಿ, ವಾಲ್ವ್ ಸರಿಯಾಗಿ ತಿರುಗುತ್ತದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಉಳಿದ ಸಮಯ ಹೋಯಿತು.

ಆ ಎರಡು ಗಂಟೆಯಲ್ಲಿ ತಮ್ಮ ಟ್ಯಾಂಕರಿನ ಹಾಲು ಕೆಡಲಿಲ್ಲ. ಯಾಕೆಂದರೆ ತಾವು ಹಾಲು ಕರೆದು ತಡಮಾಡದೆ ಸಂಘಕ್ಕೆ ತಂದಿದ್ದಿರಿ, ಸಂಘದವರು ಬಿ.ಎಂ.ಸಿ.ಯಲ್ಲಿ ಅದನ್ನು 4 ಡಿಗ್ರಿಗೆ ತಂಪು ಮಾಡಿ ಕಳಿಸಿದ್ದರು. ನಮಗೆ ನಿಂತು ಸರಿಯಾಗಿ ಕೆಲಸ ಮಾಡಲು ಆ ಸಮಯ ಕೊಟ್ಟವರು ತಾವೇ. ಹಾಲು ತಂಪಾಗಿರದಿದ್ದರೆ, ಬೇಗ ಓಡಿಸಿ ಎಂಬ ಒತ್ತಡ ನಮ್ಮ ಆಪರೇಟರ ಮೇಲೆ ಬರುತ್ತಿತ್ತು. ಅಂಥ ಅವಸರ ಏನು ಮಾಡಿಸುತ್ತದೆ ಎಂಬುದನ್ನು ಆಗಲೇ ಹೇಳಿದ್ದೇನೆ.

ಬಂಧುಗಳೇ, ಗ್ರಾಹಕರು ಪ್ಯಾಕೆಟ್ಟಿನ ಮೇಲಿನ ಹೆಸರನ್ನು ನಂಬಿ ಹಾಲು ಕೊಳ್ಳುತ್ತಾರೆ. ಆ ನಂಬಿಕೆಯಿಂದಲೇ ತಮ್ಮ ಬಟವಾಡೆ ಬರುತ್ತದೆ, ನಮ್ಮ ಸಂಬಳವೂ ಬರುತ್ತದೆ. ಮುಂದೆ ಎಂದಾದರೂ ವಾಲ್ವ್ ರಿಪೇರಿ ಎಂದು ಟ್ಯಾಂಕರ್ ಕಾಯಬೇಕಾಗಿ ಬಂದರೆ, ದಯವಿಟ್ಟು ಬೇಗ ಬಿಡಿ ಎಂದು ಕೇಳಬೇಡಿ. ಪರೀಕ್ಷೆ ಮಾಡಿದಿರಾ ಎಂದು ಕೇಳಿ. ಹಾಗೆ ಕೇಳುವುದು ಮಾಲೀಕರಾದ ತಮ್ಮ ಹಕ್ಕು.