ಗದ್ದೆಯಲ್ಲಿರುವ ಬಿಸಿಲಿನ ಠೇವಣಿ
(ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ಈ ಸಂಘದಲ್ಲಿ ನಾವು ಸಾಲ, ಠೇವಣಿ, ಗೊಬ್ಬರದ ಲೆಕ್ಕ ಮಾತಾಡ್ತಾ ಬಂದಿದ್ದೇವೆ. ಇವತ್ತು ಕಬ್ಬಿನ ಗದ್ದೆಯ ಲೆಕ್ಕ ನಾಲ್ಕು ಮಾತು ಹೇಳುತ್ತೇವೆ.

ಗೊಬ್ಬರವೇ ಬೆಳೆಯ ಊಟ ಅಂತ ನಾವೆಲ್ಲ ಅಂತೀವಿ. ಆದರೆ ಅದು ಊಟದೊಳಗಿನ ಉಪ್ಪಿನ ಹಾಗೆ. ಬೇಕೇ ಬೇಕು, ಆದರೆ ಅದೇ ಊಟವಲ್ಲ. ಯೂರೋಪಿನ ವ್ಯಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ಗಿಡ ನೆಟ್ಟು, 5 ವರ್ಷ ಬರೀ ನೀರು ಹಾಕಿದ. ಗಿಡ 169 ಪೌಂಡ್ ದಾಟಿತು. ಮಣ್ಣು ಕಮ್ಮಿಯಾದದ್ದು ಸುಮಾರು 2 ಔನ್ಸ್ ಮಾತ್ರ. ಇದು 1648ರಲ್ಲಿ ಅಚ್ಚಾದ ಸಂಗತಿ. ಆತ ಎಲ್ಲವೂ ನೀರಿನಿಂದಲೇ ಬಂತು ಅಂದುಕೊಂಡ. ಗಾಳಿಯ ಪಾಲು ಆಮೇಲೆ ತಿಳಿಯಿತು. ಎಲೆಯ ಪತ್ರಹರಿತ್ತು ಬಿಸಿಲನ್ನು ಹಿಡಿದು, ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಬೇರಿನ ನೀರನ್ನೂ ಕೂಡಿಸಿ ಸಕ್ಕರೆ ಮಾಡುತ್ತದೆ. ಬಿಸಿಲಿನ ಶಕ್ತಿ ಆ ಸಕ್ಕರೆಯೊಳಗೆ ಸೇರುತ್ತದೆ.

ಗಿಡ ಇದರಲ್ಲಿ ಒಂದು ಪಾಲು ಉಸಿರಾಟಕ್ಕೆ ಖರ್ಚು ಮಾಡಿ, ಒಂದು ಪಾಲಿನಲ್ಲಿ ಮೈ ಕಟ್ಟಿ, ಉಳಿದದ್ದನ್ನು ಕೂಡಿಡುತ್ತದೆ. ರಾಗಿ, ಭತ್ತ ಕಾಳಿನಲ್ಲಿ ಪಿಷ್ಟವಾಗಿ, ಕಡಲೆಕಾಯಿ ಎಣ್ಣೆಯಾಗಿ, ಕಬ್ಬು ಜಲ್ಲೆಯಲ್ಲಿ ಸಕ್ಕರೆಯಾಗಿ ಇಡುತ್ತದೆ. ಬಿತ್ತನೆ ತುಂಡು ಮೊಳೆಯೋದು, ಕೂಳೆ ಚಿಗುರೋದು ಈ ಉಳಿತಾಯದಿಂದಲೇ. ಕಡಿದ ಮೇಲೂ ಜಲ್ಲೆ ಉಸಿರಾಡುತ್ತದೆ, ಸಕ್ಕರೆ ಒಡೆಯುತ್ತದೆ. ಕಡಿದ ಕಬ್ಬು ಬೇಗ ಗಾಣಕ್ಕೆ ಹೋಗಬೇಕು ಅನ್ನೋದು ಅದಕ್ಕೇ.

ಇನ್ನು ತರಗಿನ ವಿಚಾರ. ಅದೂ ಇದೇ ಸಕ್ಕರೆಯಿಂದ ಆದ ನಾರು. ಎರೆಹುಳು, ಬೂಷ್ಟು, ಸೂಕ್ಷ್ಮಜೀವಿಗಳಿಗೆ ಬಿಸಿಲು ಹಿಡಿಯೋ ಹಸಿರಿಲ್ಲ. ಈ ತರಗೇ ಅವುಗಳ ಅನ್ನ. ಅದನ್ನು ತಿಂದು ಅವು ಮಣ್ಣನ್ನು ಸಡಿಲ ಮಾಡುತ್ತವೆ, ತೇವ ಹಿಡಿಸುತ್ತವೆ, ಸಾರವನ್ನು ನಿಧಾನಕ್ಕೆ ಬೇರಿಗೆ ಕೊಡುತ್ತವೆ. ಬೆಂಕಿ ಇಟ್ಟರೆ ಗಳಿಗೆಯಲ್ಲಿ ವರ್ಷದ ಗಳಿಕೆ ಹೊಗೆ. ಬೂದಿಯಲ್ಲಿ ಪೊಟ್ಯಾಷ್ ಉಳಿದೀತು, ಸಾರಜನಕದ ಬಹುಪಾಲು ಗಾಳಿಪಾಲು. ಅದನ್ನೇ ಮತ್ತೆ ಯೂರಿಯಾ ಚೀಲದಲ್ಲಿ ಸಾಲ ಮಾಡಿ ತರುತ್ತೇವೆ.

ಇಲಿ ಸೇರ್ತವೆ, ಕೂಲಿ ಸಿಗಲ್ಲ, ನೀರು ಹಾಯಲ್ಲ ಅಂತ ನಮ್ಮಲ್ಲೇ ಮಾತಿದೆ. ಸುಳ್ಳಲ್ಲ. ಆದ್ದರಿಂದ ಎಲ್ಲ ಗದ್ದೆಯಲ್ಲೂ ಮಾಡಿ ಅನ್ನೋಲ್ಲ. ಈ ಸಲ ಕಟಾವಾದ ಮೇಲೆ ಒಬ್ಬೊಬ್ಬರು ಹತ್ತು ಗುಂಟೆ ಸುಡದೆ ಬಿಡೋಣ. ತರಗನ್ನು ಸಾಲು ಬಿಟ್ಟು ಸಾಲಿಗೆ ಎಳೆದು, ಕೂಳೆಯ ಬಾಯಿ ಮುಚ್ಚದಂತೆ ಹರಡಿ, ಸಗಣಿ ಬಗ್ಗಡದ ಜೊತೆ ಸ್ವಲ್ಪ ಯೂರಿಯಾ ಹಾಕಿ ತೇವ ಇಡೋಣ. ಒಂದೇ ವರ್ಷಕ್ಕೆ ಫಲ ಕೇಳಬೇಡಿ. ಎರಡು ಮೂರು ಕೂಳೆ ನೋಡಿ, ಸುಟ್ಟ ಪಟ್ಟೆಗೂ ಸುಡದ ಪಟ್ಟೆಗೂ ಹೋಲಿಸಿ, ಮಹಾಸಭೆಯಲ್ಲಿ ನೀವೇ ಹೇಳಿ.

 ಜೈ ಸಹಕಾರ.